ಅಪ್ಪನ ಹೆಸರಿನಲ್ಲಿ ನಾಲ್ಕು ಪುಸ್ತಕ

“ಈ ಕಾದಂಬರಿ ಬರೆದಿರೋದು ನಿಮ್ಮ ತಂದೆ ಅಲ್ಲ... ನೀವು. ಅಲ್ವಾ?”

ಬಾಗಿಲು ತೆರೆದವಳು ಥಟ್ಟನೆ ಅದನ್ನು ಅರ್ಧಕ್ಕೆ ಎಳೆದುಕೊಂಡಳು!

ಹೊಸ್ತಿಲಾಚೆ ನಿಂತಿದ್ದವನು ಪ್ರಕಾಶನದಲ್ಲಿ ಕರಡು ತಿದ್ದುವವನು. ಇಷ್ಟು ವರ್ಷ ಅವನ ಕೆಂಪು ಶಾಯಿಯ ಅಕ್ಷರಗಳನ್ನಷ್ಟೇ ಅವಳು ನೋಡಿದ್ದಳು. ಈ ಸಲ ಅಂಚೆಗೆ ಹಾಕದೆ, ಕರಡಿನ ಕಟ್ಟು ಹಿಡಿದು ತಾನೇ ಬಂದಿದ್ದ.

“ಏನ್ ಮಾತಾಡ್ತಿದ್ದೀರಿ? ಅಪ್ಪ ಒಳಗೆ ಬರೀತಾ ಕೂತಿದ್ದಾರೆ!”

ಹಸಿ ಸುಳ್ಳು. ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋಗಿ ನಾಲ್ಕು ವರ್ಷವಾಗಿತ್ತು. ಅವರ ಪತ್ತೇದಾರಿ ಸರಣಿ ಮೂವತ್ತೇಳನೆಯ ಪುಸ್ತಕಕ್ಕೇ ನಿಂತುಹೋಗಿತ್ತು. ಮೂವತ್ತೆಂಟನೆಯದನ್ನು ಮಗಳು ಅಡುಗೆಮನೆಯ ಮೇಜಿನ ಮೇಲೆ ಕದ್ದುಮುಚ್ಚಿ ಬರೆದಳು. ಓದಿ ಹೇಳಿದಾಗ ಅಪ್ಪನ ಅರ್ಧ ಮುಖ ನಕ್ಕಿತು. ಆ ಅರ್ಧ ನಗುವಿಗಾಗಿ ಇನ್ನೂ ಮೂರು ಬರೆದಳು, ಎಲ್ಲವೂ ಅಪ್ಪನ ಹೆಸರಿನಲ್ಲೇ.

ಗುಟ್ಟು ಒಡೆಯಬಾರದೆಂದು ಗೆಳತಿಯರನ್ನು ಮನೆಗೆ ಕರೆಯುವುದನ್ನು ಬಿಟ್ಟಳು. ಬರಬರುತ್ತಾ ಅವರೂ ಅವಳನ್ನು ಕರೆಯುವುದನ್ನು ಬಿಟ್ಟರು...

“ಮೊದಲೆಲ್ಲ ಪತ್ತೇದಾರ ಊಟಕ್ಕೆ ಕೂತ್ರೆ ಸುತ್ತ ನಾಲ್ಕು ಜನ ಇರ್ತಿದ್ರು,” ಎಂದ ಅವನು. “ಈಗ ನಿಂತ್ಕೊಂಡೇ ತಿಂತಾನೆ. ಬಸ್ಸಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಕೋತಾನೆ, ಸೀಟು ಖಾಲಿ ಅಂತ ಕಾಣ್ಬಾರ್ದು ಅಂತ. ಇದು... ಒಂಟಿಯಾಗಿರೋರಿಗೆ ಮಾತ್ರ ಗೊತ್ತಿರುತ್ತೆ.”

‘ಸಿಕ್ಕಿಬಿದ್ದೆ!’

ಅವಳು ಕಟ್ಟನ್ನು ಕಿತ್ತುಕೊಂಡು ಅವನ ಮುಖದೆದುರೇ ಬಾಗಿಲು ಹಾಕಿದಳು.

ಮರುದಿನ ಬೆಳಿಗ್ಗೆ ಪ್ರಕಾಶಕರ ಫೋನು. “ಏನಮ್ಮಾ, ಕರಡು ತಿದ್ದೋರು ಎಲ್ಲಾ ಹೇಳಿದ್ರು. ನೀನೇ ಒಂದು ಮಾತು ತಿಳಿಸ್ಬಾರ್ದಿತ್ತಾ?”

ಮುಂದಿನ ಮಾತು ಕೇಳುವ ಧೈರ್ಯವಿಲ್ಲದೆ ಫೋನು ಇಟ್ಟುಬಿಟ್ಟಳು. ಅಪ್ಪನಿಗೆ ಔಷಧಿ ಕುಡಿಸಿ, ಪಕ್ಕದ ಮನೆಯಾಕೆಗೆ ನೋಡಿಕೊಳ್ಳಲು ಹೇಳಿ, ನೆಟ್ಟಗೆ ಪ್ರಕಾಶನದ ಮುದ್ರಣಾಲಯದ ಮಹಡಿ ಹತ್ತಿದಳು.

ಎಲ್ಲರೂ ಊಟಕ್ಕೆ ಹೋಗಿದ್ದರು. ಕಾಗದದ ರಾಶಿಗಳ ನಡುವೆ ಅವನೊಬ್ಬನೇ ತಲೆ ಬಗ್ಗಿಸಿ ಕೂತಿದ್ದ.

“ಸಮಾಧಾನ ಆಯ್ತಾ ನಿಮಗೆ? ಇನ್ಮೇಲೆ ನಮ್ಮಪ್ಪನಿಗೆ ನಾನು ಏನು ಓದಿ ಹೇಳ್ಲಿ? ಹೇಳಿ!”

ಅವನು ತಬ್ಬಿಬ್ಬಾಗಿ ಎದ್ದು ನಿಂತ.

“ಅಯ್ಯೋ... ನಿಮ್ಮ ತಂದೆಗೆ ಜ್ವರ, ಕೊನೇ ಅಧ್ಯಾಯ ತಿದ್ದೋಕೆ ಹದಿನೈದು ದಿನ ಬೇಕಂತೆ ಅಂದೆ. ಅಷ್ಟೇ ನಾನು ಹೇಳಿದ್ದು!”

“ಯಾಕೆ?”

“ಆ ಅಧ್ಯಾಯ ತುಂಬಾ ಸುಸ್ತಾಗಿ ಬರೆದ ಹಾಗಿದೆ. ನಿಮಗೆ ಸ್ವಲ್ಪ ಬಿಡುವು ಸಿಗ್ಲಿ ಅಂತ... ನಿನ್ನೆ ಅದನ್ನೇ ಹೇಳೋಕೆ ಬಂದಿದ್ದೆ. ಬಾಯಿಗೆ ಬಂದಿದ್ದೇ ಬೇರೆ.”

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತಳು. ‘ನನಗೆ ಸುಸ್ತಾಗಿದೆ ಅಂತ ಒಬ್ಬರಿಗಾದರೂ ಕಂಡಿತಲ್ಲ...’

ಅವನು ಸರಿಯಾಗಿಯೇ ಇದ್ದ ಹಾಳೆಗಳನ್ನು ಮತ್ತೆ ಮತ್ತೆ ಜೋಡಿಸಿದ.

“ಪತ್ತೇದಾರ ಅಂದ್ರೆ ನನಗೆ ಚಿಕ್ಕಂದಿನಿಂದ ಪ್ರಾಣ,” ಎಂದ ಕೊನೆಗೆ. “ಈ ನಾಲ್ಕು ವರ್ಷದಿಂದ ಅವನಿಗಿಂತ... ಅವನನ್ನ ಬರೆಯೋರೇ ಇಷ್ಟ ಆಗ್ಬಿಟ್ಟಿದ್ದಾರೆ. ಮುಖ ನೋಡದೇನೇ.”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಮುಂದಿನ ಪುಸ್ತಕದಲ್ಲಿ ಕೊಲೆಗಾರ ಯಾರು ಅಂತ ನನಗೇ ಹೊಳೀತಿಲ್ಲ. ಕೇಳೋಣ ಅಂದ್ರೆ ಒಬ್ರೂ ಇರ್ಲಿಲ್ಲ.”

ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

“ಸತ್ತಿದ್ದು ಯಾರು? ಮೊದಲು ಅದು ಹೇಳಿ.”

“ಪಿಟೀಲು ಮೇಷ್ಟ್ರು.”

“ಅಯ್ಯೋ ಪಾಪ! ಹಿಂದೆ ಮುಂದೆ ಯಾರಾದ್ರೂ...?”

“ಯಾರೂ ಇಲ್ಲ. ಒಂಟಿ.”

“ಬೇಡ,” ಎಂದ ಮೆಲ್ಲನೆ. “ಈ ಸಲ ಯಾರನ್ನೂ ಒಂಟಿಯಾಗಿ ಬಿಡೋದು ಬೇಡ.”

“ಹಾಗೆ ಬರೆಯೋದು ನನಗೆ ಮರೆತೇ ಹೋಗಿದೆ... ಪಕ್ಕದಲ್ಲಿ ಯಾರಾದ್ರೂ ಕೂತು ಹೇಳ್ಕೊಡ್ಬೇಕು.”

“ನಾಳೆ ಬರ್ಲಾ?”

“ಇವತ್ತೇ ಬನ್ನಿ... ಅಪ್ಪನಿಗೂ ನಿಮ್ಮ ವಿಷಯ ಹೇಳ್ಬೇಕಲ್ಲ!”