ಹರಳಿಗೆ ಕಟ್ಟಿದ ನೀರು

“ಆ ಗೂಡಿಗೆ ಕೈ ಹಾಕಬ್ಯಾಡ್ರಿ, ಅಕ್ಕಾರ. ಅದು ಹರಳಲ್ಲ, ನಮ್ಮ ನಂದಾನ ಜೀವಾ,” ಅಂದಳು ಕಲ್ಲುಕ್ವಾರಿಯ ಸತ್ಯವ್ವ.

ಸುಮೇಧಾ ನಕ್ಕಳು. ಧಾರವಾಡದಲ್ಲಿ ಭೂವಿಜ್ಞಾನ ಓದಿ ಗೋವಾದ ಕಾಣಕೋಣಕ್ಕೆ ಬಂದು ಮೂರೇ ವಾರ. ಜನರ ಮುಂದೆ ನಾಲಿಗೆ ಏಳದ ಹುಡುಗಿ, ಕಲ್ಲುಗಳ ಜೊತೆ ಮಾತ್ರ ಸಲೀಸು. ಪಾಳುಬಿದ್ದ ಕ್ವಾರಿಯ ಗೋಡೆಗೂಡಿನಲ್ಲಿ, ಕುಂಕುಮ ಮೆತ್ತಿ ಕರಿದಾರ ಸುತ್ತಿದ್ದ ಆ ತಿಳಿನೀಲಿ ಅಕ್ವಾಮರೀನ್ ಹರಳು ಬೆರಳುದ್ದವಿತ್ತು. ಆರು ಮುಖ, ಮುಕ್ಕಾಗದ ತುದಿ. ಅಂಥದ್ದು ಅವಳ ಸಂಗ್ರಹದಲ್ಲಿರಲಿಲ್ಲ.

“ಹ್ವಾದ ಮಳಿಗಾಲದಾಗ ಮೊಮ್ಮಗಳು ಈ ಹೊಂಡದಾಗ ಮುಳುಗಿ ಸಾಯಾಕ್ಹತ್ತಿದ್ಲರಿ. ಮಂತ್ರ ಹಾಕೋ ದೇವಪ್ಪ ಅಕೀ ಎದಿಯೊಳಗಿನ ನೀರು ಇದಕ್ಕ ಕಟ್ಯಾನ. ಕುಂಕುಮ ತೊಳದ್ರ ನೀರು ತಿರುಗಿ ಅಕೀಗೇ ಬರ್ತದ.”

“ಇದು ಬರೀ ಖನಿಜ, ಅಜ್ಜಿ. ಇದರಾಗ ಯಾರ ಜೀವಾನೂ ಇಲ್ಲ.”

“ಉಸಿರಿಗೂ ಕಾಲೇಜಿನ್ಯಾಗ ಹೆಸರಿಟ್ಟಾರೇನ್ರಿ? ಕುಂಡರ್ರಿ, ಚಹಾ ತರ್ತೀನಿ.”

ಸತ್ಯವ್ವ ಪಕ್ಕದ ತನ್ನ ತಗಡಿನ ಶೆಡ್ಡಿನೊಳಗೆ ಹೋದಳು. ಹರಳು ಹಳೇ ಪತ್ರಿಕೆಯೊಳಗೆ, ಪತ್ರಿಕೆ ಚೀಲದೊಳಗೆ ಹೋಯಿತು. ಆಮೇಲೆ ಸುಮೇಧಾ ಆ ಚಹಾವನ್ನೂ ಕುಡಿದಳು.

ಬಾಡಿಗೆ ಕೋಣೆ ಹತ್ತಿರವೇ. ಹರಳು ಸಿಕ್ಕೊಡನೆ ಕಲೆ ಬಿಡಿಸಲು ಆಮ್ಲದಲ್ಲಿ ನೆನೆಹಾಕುವುದು ಸಂಗ್ರಹಕಾರರ ರೂಢಿ. ಅವಳೂ ಹಾಕಿದಳು. ಕುಂಕುಮ ಎಳೆ ಎಳೆಯಾಗಿ ಬಿಟ್ಟಿತು. ದಾರ ತಾನಾಗಿ ಸಡಿಲಾಯಿತು. ಹುಳಿ ವಾಸನೆಯ ನಡುವೆ ಕೊಳೆತ ಪಾಚಿಯ ನಾತ ಎದ್ದಿತು. ಬೋಗುಣಿಯೊಳಗಿಂದ ಸದ್ದು. ಗುಳುಕ್. ಗುಳುಕ್. ನೀರು ನುಂಗುವ ಸದ್ದು. ಆಮೇಲೆ ಒಂದು ಕೆಮ್ಮು. ಮಗುವಿನ ಕೆಮ್ಮು.

ಹರಳನ್ನು ಬಾಚಿಕೊಂಡು ಕ್ವಾರಿಗೆ ಓಡಿದಳು.

ಶೆಡ್ಡಿನ ಕತ್ತಲಲ್ಲಿ ನಂದಾಳ ಮೂಗು ಬಾಯಿಗಳಿಂದ ಹಸಿರು ನೀರು ಸುರಿಯುತ್ತಿತ್ತು. ಸುಮೇಧಾಳ ಕೈಯಲ್ಲಿ ಹರಳು ಕಂಡದ್ದೇ ಸತ್ಯವ್ವ ಕೈಮುಗಿದಳು. “ದೇವರಂಗ ಬಂದ್ರಿ! ಎಲ್ಲಿ ಸಿಕ್ತರಿ? ತಗದಾವ್ರು ಯಾರಂತ ಗೂಡಿನ ಮುಂದ ಬಾಯ್ಬಿಟ್ಟು ಹೇಳಬೇಕು. ಅಂದ್ರ ಮಾತ್ರ ಕಟ್ಟು ನಿಲ್ತದ.”

ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ.

“ಹಾದ್ಯಾಗ... ಬಿದ್ದಿತ್ತು.”

ಮುದುಕಿ ನಂಬಿದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಗೂಡಿಗೆ ಓಡಿದಳು. ಹೊಸ ಕುಂಕುಮ ಮೆತ್ತಿ, ದಾರ ಸುತ್ತಿ, “ಹಾದ್ಯಾಗ ಬಿದ್ದಿತ್ತಂತ!” ಎಂದು ಕೂಗಿದಳು.

ಗೂಡು ಗುಳುಕ್ ಎಂದಿತು. ದಾರ ಬಿಚ್ಚಿ ಬಿತ್ತು. ನಂದಾ ಬಿಲ್ಲಿನಂತೆ ಸೆಟೆದಳು. ತುಟಿ ನೀಲಿ. ಹರಳಿನದೇ ನೀಲಿ. ಉಸಿರಿಲ್ಲ. ಇಲ್ಲ.

“ನಾನೇ ಕದ್ದೀನಿ!”

ಕ್ವಾರಿಯ ಗೋಡೆಗಳು ಅದನ್ನೇ ತಿರುಗಿ ಕೂಗಿದವು. ದಾರ ಹಾವಿನಂತೆ ಹರಿದು ಹರಳನ್ನು ಬಿಗಿಯಿತು. ಸುಮೇಧಾಳ ನಾಲಿಗೆಗೂ ಕಾಣದ ದಾರವೊಂದು ಸುತ್ತಿಕೊಂಡಿತು. ನಂದಾ ಕಿಟಾರನೆ ಅತ್ತಳು.

ಸತ್ಯವ್ವ ಬೈಯಲಿಲ್ಲ. “ನನ್ನ ಚಹಾ ಕುಡದಿದ್ರಲ್ರೀ,” ಅಂದಳು, ಅಷ್ಟೇ.

ತಪ್ಪಾಯ್ತು ಅನ್ನಲು ಸುಮೇಧಾ ಬಾಯಿ ತೆರೆದಳು. “ನಾನೇ ಕದ್ದೀನಿ,” ಅಂತ ಬಂತು. ಮತ್ತೆ ತೆರೆದಳು. ಮತ್ತದೇ.

ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆಂದು ಕೇಳಿದ. ಮಡಗಾಂವ್ ಎನ್ನಬೇಕಿತ್ತು. ತುಟಿ ಕಚ್ಚಿ ಹಿಡಿದಳು. ಅವನು ದನಿಯೇರಿಸಿ ಮತ್ತೆ ಕೇಳಿದ.

“ನಾನೇ ಕದ್ದೀನಿ.”

ಪಕ್ಕದ ಹೆಂಗಸು ತನ್ನ ಕೈಚೀಲವನ್ನು ಮಡಿಲಿಗೆಳೆದುಕೊಂಡಳು.