ಮಾಚಲೆಯ ಗಿಡ್ಡಗಾಲಿನ ಬೊಂಬೆ

ಬಲು ಹಿಂದಿನ ಮಾತು. ಮಣ್ಣು ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ ಕೆಮ್ಮಣ್ಣುನಾಡು ಎಂಬ ರಾಜ್ಯವಿತ್ತು. ಅಲ್ಲಿ ಯುದ್ಧವಿದ್ಯೆ ಕಲಿಯಬಯಸಿದವರಿಗೆ ಒಂದು ಕಟ್ಟಳೆ. ಗರಡಿಯ ಬಾಗಿಲಲ್ಲಿ ಒಂದು ಮುದ್ದೆ ಮಣ್ಣು ಕೊಡುತ್ತಿದ್ದರು. ರಾಜಕುಮಾರನಿಗೂ ಅಷ್ಟೇ, ದನ ಕಾಯುವವನಿಗೂ ಅಷ್ಟೇ. ಆ ಮಣ್ಣಿನಲ್ಲಿ ತಮ್ಮ ಬೊಂಬೆಯನ್ನು ತಾವೇ ಮಾಡಬೇಕು. ಬೊಂಬೆಯನ್ನು ಆವಿಗೆಯಲ್ಲಿ ಸುಟ್ಟ ದಿನ ಮಾಡಿದವರ ದೇಹವೂ ಅದರಂತೆಯೇ ಆಗುತ್ತಿತ್ತು. ತೋಳಿಗೆ ಹೆಚ್ಚು ಮಣ್ಣು ಹಾಕಿದವನು ಗೂಳಿಯನ್ನು ಎತ್ತುತ್ತಿದ್ದ. ತಲೆಗೆ ಹೆಚ್ಚು ಹಾಕಿದವನು ಕಷ್ಟದ ಮಂತ್ರಗಳನ್ನು ನೆನಪಿನಲ್ಲಿ ಹಿಡಿದಿಡುತ್ತಿದ್ದ. ಎರಡನೆಯ ಮುದ್ದೆ ಯಾರಿಗೂ ಸಿಗುತ್ತಿರಲಿಲ್ಲ. ಸುಟ್ಟ ಮೇಲೆ ತಿದ್ದುವಂತಿರಲಿಲ್ಲ.

ಗರಡಿಯ ಒಡತಿ ಸಾಂತವ್ವೆ. ಎಪ್ಪತ್ತು ದಾಟಿದ್ದಳು, ಬೆನ್ನು ಬಾಗಿರಲಿಲ್ಲ. ರಾಜನೇ ಬಂದರೂ ಕುಳಿತ ಮಣೆಯಿಂದ ಏಳುತ್ತಿರಲಿಲ್ಲ. "ಸರಿ" ಎಂಬುದೇ ಅವಳ ಅತಿ ದೊಡ್ಡ ಹೊಗಳಿಕೆ. ಅವಳ ಕೈಕೆಳಗೆ ಇಬ್ಬರು ಉಪಾಧ್ಯಾಯರಿದ್ದರು. ಬೀಚಣ್ಣ ಕತ್ತಿ ಕಲಿಸುವವನು, ಪದ್ಮಣಯ್ಯ ಮಂತ್ರ ಕಲಿಸುವವನು. ಅವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗದು. ಎರಡೂ ವಿದ್ಯೆ ಬಯಸಿ ಬಂದವರು ಎರಡರಲ್ಲೂ ಕೆಟ್ಟುಹೋಗಿದ್ದರು.

ಹಾಗಿರಲು ಕಗ್ಗಲ್ಲನೆಂಬ ಮಾಂತ್ರಿಕ ಬಡಗಣ ಗವಿಯಲ್ಲಿ ಬಂದು ನೆಲೆಸಿದ. ಬೆನ್ನು ತಿರುಗಿಸಿದವರನ್ನು ಕಲ್ಲು ಮಾಡುವುದು ಅವನ ವಿದ್ಯೆ. ಅವನ ಮೇಲೆ ಹೋದ ಸೇನೆ ಹೋದಲ್ಲೇ ಕಲ್ಲಾಯಿತು. ಬಳಿಕ ಅವನು ಗವಿಗೆ ಒಂದರ ಹಿಂದೆ ಒಂದರಂತೆ ಎರಡು ಬಾಗಿಲು ಕಟ್ಟಿದ. ಒಬ್ಬರು ಒಳಹೊಕ್ಕೊಡನೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮೊದಲ ಬಾಗಿಲಲ್ಲಿ ಮಂತ್ರ ತಾಗದ ಹಂದಿ. ಅದರೆದುರು ಮಂತ್ರದವರು ಬೆನ್ನು ತಿರುಗಿಸಿ ಕಲ್ಲಾದರು. ಎರಡನೆಯ ಬಾಗಿಲಲ್ಲಿ ಕತ್ತಿ ತಾಗದ ಹೊಗೆನಾಯಿಗಳು. ಅವುಗಳೆದುರು ಕತ್ತಿಯವರು ಕಲ್ಲಾದರು.

ಸೇನೆಯೊಡನೆ ಹೋದವರಲ್ಲಿ ರಣಭೇರಿ ಬಾರಿಸುವ ಕೇತಯ್ಯನೂ ಒಬ್ಬ. ಗವಿಯ ಹೊರಗೇ ಉಳಿದು ಬದುಕಿಬಂದ ಒಬ್ಬ ರಾವುತ ಊರಿನಲ್ಲಿ ಹೇಳಿದ: "ಭೇರಿಯವನೂ ಬೆನ್ನು ತಿರುಗಿಸಿದ. ನಾನೇ ಕಂಡೆ." ಅಂದಿನಿಂದ ಕೇತಯ್ಯನ ಮಗಳು ಮಾಚಲೆಗೆ ಬಾವಿಕಟ್ಟೆಯಲ್ಲಿ ಒಂದೇ ಹೆಸರು, "ಓಡಿದವನ ಮಗಳು."

ಮಾಚಲೆ ಗರಡಿಗೆ ಬಂದಳು. ಸಾಂತವ್ವೆಯ ಮುಂದೆ ನಿಂತಳು.

"ಅವ್ವಾ, ನನಗೆ ಕತ್ತಿಯೂ ಬೇಕು, ಮಂತ್ರವೂ ಬೇಕು."

ಬೀಚಣ್ಣ ನಕ್ಕ. "ಊಟಕ್ಕೆ ಕೂತು ಎರಡು ಎಲೆ ಕೇಳಿದ ಹಾಗಾಯಿತು, ತಂಗಿ."

"ಗವಿಗೆ ಎರಡು ಬಾಗಿಲಿವೆ, ಅಣ್ಣಾ. ನಾನೇನು ಮಾಡಲಿ?"

ಸಾಂತವ್ವೆ ಮಣ್ಣಿನ ಮುದ್ದೆಯನ್ನು ಮುಂದಿಟ್ಟಳು.

ಮಾಚಲೆ ಮೊದಲ ಬೊಂಬೆ ಮಾಡಿದಳು. ತೋಳು, ತಲೆ, ಎದೆ, ಕಾಲು, ಎಲ್ಲಕ್ಕೂ ಸಮಪಾಲು. ನೋಡಲು ಅಂದವಾಗಿತ್ತು. ಸಾಂತವ್ವೆ ಅದನ್ನು ಅಂಗೈಯಲ್ಲಿ ಹಿಚುಕಿದಳು.

"ಇದು ಎಲ್ಲರ ಹಾಗಿದೆ. ಎಲ್ಲರೂ ಅಲ್ಲಿ ಕಲ್ಲಾಗಿ ನಿಂತಿದ್ದಾರೆ. ಮತ್ತೆ ಮಾಡು."

ಮಾಚಲೆ ಎರಡನೆಯ ಬೊಂಬೆ ಮಾಡಿದಳು. ಹಿರಿದಾದ ತಲೆ, ಕಂಬದಂಥ ತೋಳುಗಳು. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ. ಎದೆ ಮಾತ್ರ ಹಪ್ಪಳದಷ್ಟು ತೆಳು.

"ಮಂತ್ರಕ್ಕೆ ಮುದ್ರೆ ಹಿಡಿಯಬೇಕು. ಯಾವ ಕೈಯಿಂದ ಹಿಡಿಯುತ್ತೀ?" ಎಂದಳು ಸಾಂತವ್ವೆ.

ಮಾಚಲೆ ಬೊಂಬೆಯ ಗುರಾಣಿಯನ್ನು ನೋಡಿದಳು.

"ಎದೆಗೆ ಏಟು ಬಿದ್ದರೆ ಉಸಿರು ಕಡಿಯುತ್ತದೆ. ಆಗ ಮಂತ್ರವೂ ಕಡಿಯುತ್ತದೆ. ಕಗ್ಗಲ್ಲ ಮೊದಲು ಹೊಡೆಯುವುದೇ ಎದೆಗೆ. ಮತ್ತೆ ಮಾಡು."

ಮೂರನೆಯ ಬೊಂಬೆಗೆ ಮಾಚಲೆ ಬಹಳ ಹೊತ್ತು ತೆಗೆದುಕೊಂಡಳು. ಗುರಾಣಿ ತೆಗೆದಳು, ಎಡಗೈ ಬರಿದಾಯಿತು. ಬಲತೋಳಿಗೆ ಕತ್ತಿ ಬೀಸಲು ಸಾಕಾಗುವಷ್ಟು ಮಣ್ಣು. ತಲೆಗೆ ಮೂರೇ ಮಂತ್ರ ಹಿಡಿಸುವಷ್ಟು. ಎದೆಗೆ ಧಾರಾಳವಾಗಿ. ಮಣ್ಣು ಸಾಲದೆ ಹೋಯಿತು. ಆಗ ಎರಡು ಕಾಲುಗಳಿಂದಲೂ ಕಿತ್ತು ಎದೆಗೆ ಮೆತ್ತಿದಳು. ಬೊಂಬೆಯ ಕಾಲು ಮಣೆಯ ಕಾಲಿನಷ್ಟು ಗಿಡ್ಡವಾಯಿತು.

"ಇದೇನಿದು? ಓಡುವ ಹೊತ್ತು ಬಂದರೆ?" ಎಂದ ಪದ್ಮಣಯ್ಯ.

"ನಾನು ಓಡುವುದಿಲ್ಲ."

ಸಾಂತವ್ವೆ ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಂಥ ಕಾಲುಗಳನ್ನು ಅವಳು ಎಂದೂ ಒಪ್ಪಿದವಳಲ್ಲ. ಹಿಚುಕಲು ಬೆರಳು ಬಿಗಿಯಾದವು. ಹುಡುಗಿಯ ಮುಖವನ್ನು ಒಮ್ಮೆ ನೋಡಿದಳು. ಬೆರಳು ಸಡಿಲಿಸಿದಳು.

"ಆವಿಗೆಗೆ ಇಡಿ."

ಬೊಂಬೆ ಸುಟ್ಟು ಕೆಂಪಾಯಿತು. ಮಾಚಲೆಯ ಎದೆ ಗಟ್ಟಿಯಾಯಿತು; ನಡಿಗೆ ಆಮೆಯ ನಡಿಗೆಯಾಯಿತು.

ಮಂತ್ರಗಳ ಆಯ್ಕೆ ಬಂತು. ಪದ್ಮಣಯ್ಯನಿಗೆ ಬೆಂಕಿಮಳೆ ಕಲಿಸುವ ಆಸೆ. ಸಾಂತವ್ವೆ ಒಪ್ಪಲಿಲ್ಲ. "ಕತ್ತಿಗೆ ನೆರವಾಗುವುದನ್ನು ಕೊಡಿ. ಮೆರೆಯುವ ಮಂತ್ರ ಬೇಡ." ಕತ್ತಿಯ ಅಲಗಿಗೆ ಕಿಚ್ಚು ಹಚ್ಚುವುದು ಒಂದು. ಗುರಾಣಿಯ ಬದಲು ಮೈಯನ್ನು ಕಾಯುವುದು ಇನ್ನೊಂದು. ಮೂರನೆಯದು ಕಲ್ಲುಬಿಡುಗಡೆ, ಅಂದರೆ ಕಲ್ಲಾದವರನ್ನು ಮನುಷ್ಯರನ್ನಾಗಿ ಮಾಡುವ ಉದ್ದನೆಯ ಮಂತ್ರ. ಮಂತ್ರದವರೆಲ್ಲ ಅದನ್ನು ಬಲ್ಲರು. ಕಗ್ಗಲ್ಲನ ಎದುರು ಅದನ್ನು ಮುಗಿಸಿದವರು ಯಾರೂ ಇಲ್ಲ.

ಅಭ್ಯಾಸದ ಹೊತ್ತಿನಲ್ಲಿ ಮಾಚಲೆಯ ಎಡಗೈ ಮುದ್ರೆ ಹಿಡಿದೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಪದ್ಮಣಯ್ಯ ಸಿಡುಕಿದ. "ಇದು ಮಂತ್ರ, ತಾಯೀ, ಮದುವೆಮನೆ ಬಾಜಾಭಜಂತ್ರಿಯಲ್ಲ!"

"ಅಪ್ಪ ಕಲಿಸಿದ್ದು, ಅಯ್ಯನವರೇ. ಬಾಯಿ ತಪ್ಪಿದರೂ ಕೈ ತಪ್ಪಬಾರದು ಅನ್ನುತ್ತಿದ್ದರು. ಕೈ ನಡೆಯುತ್ತಿದ್ದರೆ ಬಾಯಿ ಬಂದು ಸೇರಿಕೊಳ್ಳುತ್ತದೆ."

ಸಾಂತವ್ವೆ ಕೋಲು ಹಿಡಿದು ಎದ್ದಳು. "ಹೇಳು ಮಂತ್ರ" ಎಂದಳು. ಮಾಚಲೆ ಹೇಳತೊಡಗಿದಳು. ಸಾಂತವ್ವೆ ಅವಳ ಎದೆಗೆ ಬಲವಾಗಿ ತಿವಿದಳು. ಉಸಿರು ನಿಂತಿತು, ಮಾತು ನಿಂತಿತು. ತೊಡೆಯ ಮೇಲೆ ಕೈ ಮಾತ್ರ ನಡೆದೇ ಇತ್ತು. ಉಸಿರು ಮರಳಿದಾಗ ನಾಲಗೆ ಸರಿಯಾದ ಅಕ್ಷರವನ್ನೇ ಹಿಡಿಯಿತು. ಮತ್ತೆ ತಿವಿದಳು, ಮತ್ತೆ ಹಿಡಿಯಿತು.

"ಸರಿ" ಎಂದಳು ಸಾಂತವ್ವೆ. "ತಾಳ ಇರಲಿ."



ಮಾಚಲೆ ಗವಿಗೆ ಹೊರಟಳು. ಗರಡಿಯಲ್ಲಿ ಒಂದು ಕಲ್ಲುಮೇಜು ಇತ್ತು. ಶಿಷ್ಯರು ಕಾಳಗಕ್ಕೆ ಹೋದಾಗ ಅವರ ಬೊಂಬೆಯನ್ನು ಅದರ ಮೇಲೆ ಇಡುವುದು ಪದ್ಧತಿ. ಮೇಜಿನ ಮರಳು ತಾನಾಗಿ ಎದ್ದು ಅವರಿರುವ ಜಾಗದ ರೂಪ ತಾಳುತ್ತಿತ್ತು. ಅವರು ನಡೆದಂತೆ ಬೊಂಬೆ ನಡೆಯುತ್ತಿತ್ತು, ಅಲ್ಲಿನ ಮಾತು ಇಲ್ಲಿ ಕೇಳುತ್ತಿತ್ತು. ಸಾಂತವ್ವೆ ಮಣೆ ಹಾಕಿ ಮೇಜಿನ ಮುಂದೆ ಕುಳಿತಳು. ಉಪಾಧ್ಯಾಯರು ಅವಳ ಎಡಬಲಕ್ಕೆ ನಿಂತರು.

ಮೊದಲ ಬಾಗಿಲಲ್ಲಿ ಹಂದಿ ನುಗ್ಗಿತು. ಕಬ್ಬಿಣದ ಕೋರೆ, ಕೆಂಡದ ಕಣ್ಣು. ಮೈಕಾಪಿನ ಮಂತ್ರ ಹೇಳಿ ಮಾಚಲೆ ನೆಲಕ್ಕೆ ಕಾಲೂರಿ ನಿಂತಳು. ಹಂದಿ ಗುದ್ದಿತು. ಗಿಡ್ಡಗಾಲಿನವಳು ಉರುಳಲಿಲ್ಲ. ಹಂದಿಯೇ ತತ್ತರಿಸಿತು. ಮಾಚಲೆಯ ಕತ್ತಿ ಅದರ ಕುತ್ತಿಗೆಗೆ ಇಳಿಯಿತು.

"ಕಂಡಿರಾ ನನ್ನ ವಿದ್ಯೆ!" ಎಂದ ಬೀಚಣ್ಣ.

ಎರಡನೆಯ ಬಾಗಿಲಲ್ಲಿ ಹೊಗೆನಾಯಿಗಳು ಸುತ್ತುವರಿದವು. ಕತ್ತಿ ಅವುಗಳ ಮೈಯೊಳಗೆ ಹಾದು ಬರಿದೇ ಹೊರಬಂತು. ಮಾಚಲೆ ಎಡಗೈ ಎತ್ತಿದಳು. ಅಲಗಿಗೆ ಕಿಚ್ಚು ಹತ್ತಿತು. ಕಿಚ್ಚು ತಾಗಿದ ನಾಯಿಗಳು ಒಂದೊಂದಾಗಿ ಗಾಳಿಯಲ್ಲಿ ಕರಗಿದವು.

"ಈಗ ಯಾರ ವಿದ್ಯೆಯೋ?" ಎಂದ ಪದ್ಮಣಯ್ಯ.

"ಬಾಯಿ ಮುಚ್ಚಿ. ಇಬ್ಬರೂ" ಎಂದಳು ಸಾಂತವ್ವೆ.

ಒಳಗೆ ದೊಡ್ಡ ಹಜಾರ. ಅಲ್ಲಿ ಸೇನೆಯೆಲ್ಲ ಕಲ್ಲಾಗಿ ನಿಂತಿತ್ತು. ಪ್ರತಿಯೊಬ್ಬನ ಮುಖವೂ ಹೊರಬಾಗಿಲ ಕಡೆಗೆ, ಪ್ರತಿಯೊಬ್ಬನ ಒಂದು ಕಾಲೂ ಗಾಳಿಯಲ್ಲಿ. ನಡುವೆ ಒಬ್ಬನ ಎರಡೂ ಪಾದ ನೆಲದಲ್ಲಿ ಊರಿದ್ದವು. ಸೊಂಟಕ್ಕೆ ಭೇರಿ ಬಿಗಿದಿತ್ತು. ಓಡುವವರ ಕಡೆಗೆ ತಿರುಗಿ, ಕೋಲನ್ನು ಭೇರಿಯ ಮೇಲೆ ಎತ್ತಿ ಹಿಡಿದಿದ್ದ.

"ಅವನು ಓಡಿಲ್ಲ" ಎಂದ ಬೀಚಣ್ಣ, ಮೆಲ್ಲಗೆ. "ಓಡುವವರನ್ನು ಹಿಂದಕ್ಕೆ ಕರೆಯಲು ತಿರುಗಿದ್ದಾನೆ."

ಗವಿಯಲ್ಲಿ ಮಾಚಲೆಯೂ ಅದನ್ನೇ ಕಂಡಳು. ಬೊಂಬೆ ಒಂದು ಗಳಿಗೆ ಅಲುಗದೆ ನಿಂತಿತು.

ಕಗ್ಗಲ್ಲ ಎದ್ದು ಬಂದ. ಕೈಯಲ್ಲಿ ಕಲ್ಲಿನ ಗದೆ.

"ಭೇರಿಯವನ ಮಗಳೇ, ಸೇನೆಗೇ ಆಗದ್ದು ನಿನಗಾದೀತೆ? ನೀನು ಬಂದ ಬಾಗಿಲು ತೆರೆದಿದ್ದೇನೆ. ಓಡು. ಪಾಪ, ಓಡಿಬಿಡು."

"ಈ ಕಾಲಲ್ಲೇ?" ಎಂದಳು ಮಾಚಲೆ. "ನಾನು ಬಾಗಿಲು ಮುಟ್ಟುವಷ್ಟರಲ್ಲಿ ನಿನಗೆ ಮುಪ್ಪು ಬಂದೀತು."

ಕತ್ತಿ ಎತ್ತಿ ಕಲ್ಲುಬಿಡುಗಡೆಯ ಮಂತ್ರ ತೊಡಗಿದಳು. ಬಲಗೈ ಗದೆಯನ್ನು ತಡೆಯಿತು, ಎಡಗೈ ಮುದ್ರೆ ಹಿಡಿದು ತೊಡೆಯ ಮೇಲೆ ತಾಳ ಹಾಕಿತು, ಬಾಯಿ ಮಂತ್ರ ಹೇಳಿತು. ಕಗ್ಗಲ್ಲ ಎದೆಗೆ ಹೊಡೆದ. ಮಾತು ನಿಂತಿತು. ಮೇಜಿನ ಮೇಲೆ ಬೊಂಬೆಯ ಎದೆ ಬಿರುಕುಬಿಟ್ಟಿತು. ಕೈ ನಡೆಯಿತು, ಮಾತು ಮರಳಿತು. ಮತ್ತೆ ಹೊಡೆದ. ಬಿರುಕು ಭುಜದ ತನಕ ಓಡಿತು. ಕೈ ನಡೆಯಿತು, ಮಾತು ಮರಳಿತು. ಮೂರನೆಯ ಏಟಿಗೆ ಬೊಂಬೆ ಮಂಡಿಯೂರಿತು. ಮಾತು ಬರಲಿಲ್ಲ.

ಸಾಂತವ್ವೆಯ ಬೆರಳು ಅವಳಿಗರಿವಿಲ್ಲದೆ ಮೇಜಿನ ಅಂಚಿನಲ್ಲಿ ತಾಳ ಹಾಕುತ್ತಿತ್ತು. ಬೊಂಬೆಯ ಎಡಗೈಯೂ ಅದೇ ತಾಳ ಹಾಕುತ್ತಿತ್ತು, ನಿಧಾನವಾಗಿ, ಒಂದೂ ತಪ್ಪದೆ.

"ಹಿಡಿ ಮಗಳೇ" ಎಂದಳು ಸಾಂತವ್ವೆ. "ಹಿಡಿ."

ಮಾಚಲೆ ಹಿಡಿದಳು. ಕೊನೆಯ ಅಕ್ಷರದ ತನಕ ಹೇಳಿ ಮುಗಿಸಿದಳು.

ಹಜಾರದಲ್ಲಿ ಕಲ್ಲು ಸಿಪ್ಪೆಯಂತೆ ಸುಲಿಯಿತು. ಸುಲಿದ ಕಲ್ಲೆಲ್ಲ ಅದನ್ನು ಕಟ್ಟಿದವನ ಮೈಗೆ ಹಾರಿ ಅಂಟಿತು. ಕಗ್ಗಲ್ಲ ಗದೆ ಎತ್ತಿದಂತೆಯೇ ಬಂಡೆಯಾದ. ಕೇತಯ್ಯನ ಎತ್ತಿದ ಕೋಲು ಭೇರಿಯ ಮೇಲೆ ಬಿದ್ದಿತು. ಅಂದು ಅರ್ಧಕ್ಕೆ ನಿಂತಿದ್ದ ಹೊಡೆತ ಇಂದು ಮುಗಿಯಿತು. ಓಡುತ್ತಿದ್ದವರು ತಿರುಗಿ ನಿಂತರು.

ಸೇನೆ ಊರಿಗೆ ಮರಳಿತು. ಮುಂದೆ ಮಾಚಲೆ, ಪಕ್ಕದಲ್ಲಿ ಭೇರಿ ಬಾರಿಸುತ್ತಾ ಕೇತಯ್ಯ. ಮಗಳ ಹೆಜ್ಜೆಗೆ ತಕ್ಕಂತೆ ಅವನು ವಿಳಂಬದಲ್ಲಿ ಬಾರಿಸಿದ. ರಾವುತರು, ಕಾಲಾಳುಗಳು, ಸೇನಾಪತಿ, ಎಲ್ಲರೂ ಅದೇ ನಿಧಾನದಲ್ಲಿ ನಡೆದರು. ಮುಂದೆ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಬಾವಿಕಟ್ಟೆಯವರು ಕೊಡ ಕೆಳಗಿಟ್ಟು ಕೈಮುಗಿದರು. ಆ ನಾಡು ಮತ್ತೆ ಭಯ ಕಾಣಲಿಲ್ಲ; ಮಕ್ಕಳು ಮರಿ, ದನಕರು ಎಲ್ಲವೂ ತಣ್ಣಗೆ ಬಾಳಿದವು.

ಅಂದು ಭೇರಿಯ ಸದ್ದು ದೂರದಲ್ಲಿ ಕೇಳಿದೊಡನೆ ಸಾಂತವ್ವೆ ಮಣೆಯಿಂದ ಎದ್ದು ಗರಡಿಯ ಬಾಗಿಲಿಗೆ ಬಂದಳು.

"ಅವ್ವಾ, ಅವರು ಬರಲು ಇನ್ನೂ ಬಹಳ ಹೊತ್ತಿದೆ. ಕುಳಿತುಕೊಳ್ಳಿ" ಎಂದ ಬೀಚಣ್ಣ, ಮಣೆ ಹಿಡಿದು.

"ಬೇಡ" ಎಂದಳು ಸಾಂತವ್ವೆ.

ಗಿಡ್ಡಗಾಲಿನವಳು ಬಂದು ಹೊಸ್ತಿಲು ಮುಟ್ಟುವ ತನಕ ಅವಳು ನಿಂತೇ ಇದ್ದಳು.