ಒಂಬತ್ತನೇ ನಂಬರನ್ನು ಎತ್ತಿದ್ದು ಯಾರು?

"ನಿಮ್ಮಪ್ಪ ಗೆದ್ರು ನಾಚಿ... ನಾನು ಸೋತೆ!"

ಬೀದಿ ಕೊಳಾಯಿಗೆ ಕೊಡ ಹಿಡಿದು ನಿಂತಿದ್ದ ನಾಚಿಯಮ್ಮನ ಎದೆ ಧಸಕ್ಕೆಂದಿತು. ತಿರುಗಿ ನೋಡಿದರೆ ವೆಲ್ಲಿಂಗಿರಿ! ಒಂಬತ್ತನೇ ನಂಬರಿನ ಬನಿಯನ್ ಇನ್ನೂ ಮೈಮೇಲೇ ಇದೆ. ಕಾಲಿನ ಬೂಟನ್ನೂ ಬಿಚ್ಚಿಲ್ಲ. ಕಣ್ಣು ಮಾತ್ರ ಕೆಂಪಗೆ ಉರಿಯುತ್ತಿದೆ.

ಸಿರುಮುಗೈಯ ನೇಕಾರರ ಬೀದಿಯೇ ಕುಣಿಯುತ್ತಿದ್ದ ಸಂಜೆ ಅದು. ಅಮಾವಾಸ್ಯೆ, ಮಗ್ಗಗಳಿಗೆಲ್ಲ ರಜೆ. ಮಧ್ಯಾಹ್ನ ಮೆಟ್ಟುಪಾಳ್ಯಂ ಮೈದಾನದಲ್ಲಿ ಫೈನಲ್ ಆಡಿ, ಒಂದು ಮಿಲ್ಲಿನ ಟೀಮನ್ನು ಎರಡು-ಒಂದು ಗೋಲಿನಿಂದ ಸೋಲಿಸಿ, ಹುಡುಗರು ಕಪ್ ಹೊತ್ತು ತಂದಿದ್ದರು. ಟೀಮಿನ ಮ್ಯಾನೇಜರು ನಾಚಿಯಮ್ಮನ ಅಪ್ಪ ದಂಡಪಾಣಿ. ಇಂಥ ದಿನ ಟೀಮಿನ ಸೆಂಟರ್ ಫಾರ್ವರ್ಡೇ ಮುಖ ಊದಿಸಿಕೊಂಡು ನಿಂತರೆ ಹೇಗೆ?

"ಬೀದಿನೇ ಗೆದ್ದಿದೆ. ನೀವು ಹೆಂಗೆ ಸೋತ್ರಿ?" ಎಂದಳು ಮೆಲ್ಲಗೆ.

"ಆಫ್ ಟೈಮಲ್ಲಿ ನನ್ನ ಎತ್ತಿ ಬೆಂಚಲ್ಲಿ ಕೂರಿಸಿದ್ರಲ್ಲ! ಒಂದು-ಒಂದಲ್ಲಿ ಮ್ಯಾಚ್ ನಿಂತಿದೆ... ಆಗ ಯಾರಾದ್ರೂ ಸೆಂಟರ್ ಫಾರ್ವರ್ಡನ್ನ ಎತ್ತುತ್ತಾರಾ? ಅದೂ ಯಾರನ್ನ ಇಳಿಸೋಕೆ? ಮಾರಿಮುತ್ತುನ! ನಿನ್ನ ಅತ್ತೆ ಮಗನ್ನ!"

ನಾಚಿಯಮ್ಮನ ಮುಖ ಬಿಳುಚಿತು. ಆ ಬೀದಿಯಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರತ್ತೆಯ ಮಗನದು. ಮಾರಿಮುತ್ತು ಕೇಳಿದರೆ ಅಪ್ಪ ಇಲ್ಲ ಅನ್ನುವಂತಿಲ್ಲ.

"ನಮ್ಮ ವಿಷಯ ನಿಮ್ಮಪ್ಪಂಗೆ ತಿಳಿದಿದೆ ನಾಚಿ. ಸ್ವಂತ ಮಗ್ಗ ಇಲ್ಲದೋನು ಮಗಳ ಮೇಲೆ ಕಣ್ಣು ಹಾಕ್ದ ಅಂತ ಕೋಪ. ನಾನೊಂದು ಗೋಲ್ ಹೊಡೆದು, ಕಪ್ ಕೈಯಲ್ಲಿ ಹಿಡ್ಕೊಂಡು, ಅಲ್ಲೇ ಎಲ್ಲಾರ ಮುಂದೆ ನಿನ್ನ ಕೇಳ್ಬೇಕು ಅಂತಿದ್ದೆ. ಅದಕ್ಕೇ ಬಿಡ್ಲಿಲ್ಲ!"

ಅಯ್ಯೋ... ಇವರ ಮನಸ್ಸಲ್ಲಿ ಇಷ್ಟೆಲ್ಲ ಇತ್ತಾ? ನಾನೇ... ನಾನೇ ಹಾಳು ಮಾಡಿದೆನಲ್ಲಾ!

"ತಿರುಪ್ಪೂರಲ್ಲಿ ಒಂದು ಬನಿಯನ್ ಕಂಪನಿ ಟೀಮಿಗೆ ಕರೀತಾ ಇದ್ದಾರೆ. ಕೆಲಸಾನೂ ಕೊಡ್ತಾರೆ. ಇವತ್ತಿನ ಬಸ್ಸಿಗೇ ಹೊರಟೆ. ನೀನು ಸುಖವಾಗಿರು."

"ಒಂದ್ ನಿಮಿಷ... ಅದು ಅಪ್ಪ ಅಲ್ಲ..."

ಮಾತು ಮುಗಿಯುವ ಮೊದಲೇ ಅವನು ತಿರುಗಿ ನಡೆದೇಬಿಟ್ಟ. ನಡೆಯುವಾಗ ಬಲಗಾಲನ್ನು ಬೆರಳ ತುದಿಯಲ್ಲಷ್ಟೇ ಊರುತ್ತಿದ್ದ. ನಾಚಿಯಮ್ಮನ ಕಣ್ಣು ತುಂಬಿ ಬಂತು, ಕೊಡವೂ ತುಂಬಿ ಹರಿಯತೊಡಗಿತು.

ನಡೆದದ್ದು ಇಷ್ಟು. ಮೈದಾನದ ಅಂಚಿನಲ್ಲಿ ಎತ್ತಿನ ಗಾಡಿಯ ಮೇಲೆ ಹೆಂಗಸರ ಜೊತೆ ಕೂತು ನೋಡುತ್ತಿದ್ದ ಅವಳು, ಹಾಫ್ ಟೈಮಿನಲ್ಲಿ ನೀರಿನ ಚೊಂಬು ಹಿಡಿದು ಅಪ್ಪನ ಹತ್ತಿರ ಓಡಿದ್ದಳು.

"ಅಪ್ಪಾ... ಒಂಬತ್ತನೇ ನಂಬರನ್ನ ಎತ್ತಿಬಿಡಿ. ಅವರ ಬಲಗಾಲು ಹೋಗಿದೆ."

ದಂಡಪಾಣಿ ಮಗಳ ಮುಖವನ್ನೇ ನೋಡಿದ್ದರು. "ನನಗೇ ಕಾಣ್ಲಿಲ್ಲ. ನಿನಗೆ ಹೆಂಗಮ್ಮಾ ಕಾಣ್ತು?"

ಅವಳು ತಲೆ ತಗ್ಗಿಸಿದ್ದಳು. ಅಪ್ಪ ಮತ್ತೇನೂ ಕೇಳಲಿಲ್ಲ. "ಸರಿ. ನೀನು ಹೇಳ್ದೆ ಅಂತ ಮಾತ್ರ ಯಾರಿಗೂ ಹೇಳ್ಬೇಡ ಕಂದಾ. ಬೀದಿ ಬಾಯಿ ಕೆಟ್ಟದ್ದು," ಎಂದಷ್ಟೇ ಹೇಳಿ, ವೆಲ್ಲಿಂಗಿರಿಗೆ ಕಾರಣ ಕೂಡ ಹೇಳದೆ ಬೆಂಚು ತೋರಿಸಿದ್ದರು.

ಈಗ ನೋಡಿದರೆ, ಒಬ್ಬರ ಕಾಲು ಉಳಿಸಲು ಹೋಗಿ ಅವರನ್ನೇ ಕಳೆದುಕೊಳ್ಳುವ ಹಾಗಾಗಿದೆ!

ಚೌಡೇಶ್ವರಿ ಗುಡಿಯ ಜಗಲಿಯ ಮೇಲೆ ಕಪ್ ಇಟ್ಟು ಇಡೀ ಬೀದಿ ಸುತ್ತ ನೆರೆದಿತ್ತು. ಸೋತಿದ್ದರೆ ಎಲ್ಲರೂ ಸುಮ್ಮನೆ ಉಂಡು ಮಲಗುತ್ತಿದ್ದರು. ಗೆದ್ದಿದ್ದಾರಲ್ಲ, ಜಗಳಕ್ಕೆ ಹುರುಪು ಜಾಸ್ತಿ!

"ಗೆದ್ದಿದ್ದು ಮ್ಯಾನೇಜರಿಂದ ಅಲ್ಲ, ಮ್ಯಾನೇಜರ್ ಇದ್ರೂ ಗೆದ್ವಿ!" ಎಂದು ಕೂಗಿದ ಟೀ ಅಂಗಡಿ ಅಯ್ಯಾಸಾಮಿ. ಆ ವರ್ಷ ಮೆಕ್ಸಿಕೋ ವರ್ಲ್ಡ್ ಕಪ್ಪನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ಅವನ ಮಾತಿಗೆ ಲಗಾಮೇ ಇರಲಿಲ್ಲ. "ಎಡಗಾಲಿನವನನ್ನ ಬಲಗಡೆ ನಿಲ್ಲಿಸ್ತಾರೆ! ಗಟ್ಟಿ ಬ್ಯಾಕನ್ನ ಹೊರಗೆ ಕೂರಿಸ್ತಾರೆ! ಆಮೇಲೆ ನಮ್ಮ ಒಂಬತ್ತನೇ ನಂಬರನ್ನೇ ಎತ್ತುತ್ತಾರೆ! ಇದೇನ್ ಟೀಮ್ ಸೆಲೆಕ್ಷನ್ನಾ, ಇಲ್ಲ ಸಂಬಂಧ ನೋಡೋ ಶಾಸ್ತ್ರಾನಾ?"

"ಡೇಯ್, ಇಳಿದೋನು ಗೋಲ್ ಹೊಡೆದ ತಾನೇ? ಎತ್ತಿದ್ದು ಸರೀನೇ!"

"ಚುಮ್ಮಾ ಇರಯ್ಯಾ! ವೆಲ್ಲಿಂಗಿರಿ ಇದ್ದಿದ್ರೆ ಮೂರು ಹೊಡೀತಿದ್ದ!"

"ತಂಗಿ ಮಗನಿಗೆ ಹೆಸರು ಬರ್ಲಿ ಅಂತ ಎತ್ತಿದ್ದು. ನಾಳೆ ಹೆಣ್ಣು ಕೊಡೋಕೆ ಒಂದು ನೆಪ ಬೇಕಲ್ಲ!"

ಮೂಲೆಯಲ್ಲಿ ಕೂತಿದ್ದ ಮಾರಿಮುತ್ತುವಿಗೆ ಕತ್ತಿನ ಹಾರವೇ ಭಾರವಾಯಿತು. ಪಾಪ, ಅವನು ಆಡು ಅಂದಿದ್ದಕ್ಕೆ ಆಡಿದ್ದ!

ದಂಡಪಾಣಿ ಮಾತ್ರ ಕಾರಣ ಹೇಳಲಿಲ್ಲ. "ನನ್ನ ಇಷ್ಟ, ಎತ್ತಿದೆ," ಎಂದರಷ್ಟೇ.

ಅಷ್ಟರಲ್ಲಿ ಕೈಯಲ್ಲಿ ಚೀಲ ಹಿಡಿದು ವೆಲ್ಲಿಂಗಿರಿ ಬಸ್ ಸ್ಟಾಂಡಿನ ಕಡೆ ಹೊರಟಿದ್ದು ಎಲ್ಲರ ಕಣ್ಣಿಗೂ ಬಿತ್ತು.

"ನೋಡ್ರಯ್ಯಾ!" ಅಯ್ಯಾಸಾಮಿಯ ದನಿ ಏರಿತು. "ಚಿನ್ನದಂಥ ಹುಡುಗ ಊರು ಬಿಡ್ತಾ ಇದ್ದಾನೆ! ತಂಗಿ ಮಗನಿಗೋಸ್ಕರ ಇವನ್ನ ಬಲಿ ಕೊಟ್ರಲ್ಲ, ನಿಮಗೆ ಮನಸಾಕ್ಷಿ ಇದೆಯಾ?"

ಹೆಂಗಸರ ನಡುವೆ ನಿಂತಿದ್ದ ನಾಚಿಯಮ್ಮನಿಗೆ ಅಪ್ಪನ ತಗ್ಗಿದ ತಲೆ ಕಂಡಿತು. ಮಗಳ ಮಾನ ಕಾಯಲು ಅವರು ಬೀದಿಯ ಬೈಗುಳವನ್ನೆಲ್ಲ ನುಂಗುತ್ತಿದ್ದರು. ಆ ಕಡೆ ಅವನು ಹೋಗುತ್ತಿದ್ದಾನೆ... ಇನ್ನು ಹೇಗೆ ಸುಮ್ಮನಿರಲಿ? ಏನಾದರಾಗಲಿ!

"ಎತ್ತಿದ್ದು ಅಪ್ಪ ಅಲ್ಲ... ನಾನು!"

ಗುಡಿಯ ಮುಂದಿದ್ದವರೆಲ್ಲ ತಿರುಗಿ ನೋಡಿದರು. ನಾಚಿಯಮ್ಮ ಗಂಡಸರ ನಡುವೆ ಬಂದು ನಿಂತಿದ್ದಳು.

"ಕಾರ್ನರ್ ಹತ್ರ ಬಿದ್ರಲ್ಲ, ಆಗ್ಲೇ ಅವರ ಬಲಗಾಲು ಹೊರಳಿತು. ಆಮೇಲೆ ಒಂದು ಸಲಾನೂ ಹಿಮ್ಮಡಿ ಊರ್ಲಿಲ್ಲ. ಬಲಗಾಲಿಗೆ ಬಂದ ಬಾಲನ್ನೆಲ್ಲ ಎಡಗಾಲಿಗೆ ಎಳ್ಕೊಂಡ್ರು. ಥ್ರೋ ಹಾಕೋವಾಗ ದಿನಾ ಎರಡು ಹೆಜ್ಜೆ ಓಡಿ ಬರ್ತಾರೆ, ಇವತ್ತು ನಿಂತಲ್ಲೇ ಹಾಕಿದ್ರು. ನೀವ್ಯಾರೂ ನೋಡ್ಲಿಲ್ವಾ? ಎಲ್ಲಾರೂ ಬಾಲ್ ಹಿಂದೆ ಹೋದ್ರಿ! ಆ ಕಾಲು ಹೋದ್ರೆ ನಾಳೆ ಅವರು ಮಗ್ಗ ತುಳಿಯೋದು ಹೆಂಗೆ?"

"ನಂಗೇನೂ ಆಗಿಲ್ಲ," ಎಂದು, ಅವಳ ದನಿ ಕೇಳಿ ತಿರುಗಿ ಬಂದಿದ್ದ ವೆಲ್ಲಿಂಗಿರಿ ನಕ್ಕ.

"ನೋಡಿ, ನೋಡಿ! ನಗ್ತಾ ಇದ್ದಾರೆ! ನೋವು ಜಾಸ್ತಿ ಆದಾಗ್ಲೇ ಅವರು ಹಿಂಗೆ ನಗೋದು!"

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆ ಎಂಬುದು ಹೊಳೆಯಿತು. ಕಿವಿಯವರೆಗೂ ಕೆಂಪಾದಳು.

ಅಯ್ಯಾಸಾಮಿ ಬಿಡುವ ಆಸಾಮಿಯೇ? "ಅಡ! ನಮಗಿಂತ ಚೆನ್ನಾಗಿ ಮ್ಯಾಚ್ ನೋಡಿದ್ದಾಳಲ್ಲಪ್ಪಾ! ಸರಿಯಮ್ಮಾ, ಹಂಗಾದ್ರೆ ಹೇಳು... ಮಾರಿಮುತ್ತು ಆ ಗೋಲ್ ಯಾವ ಕಾಲಲ್ಲಿ ಹೊಡೆದ?"

ನಾಚಿಯಮ್ಮ ತಡವರಿಸಿದಳು. "ಅದು... ಬಲಗಾಲಲ್ಲಿ..."

ಗುಡಿ ಜಗಲಿಯೇ ಹಾರಿ ಹೋಗುವಂಥ ನಗು!

"ಅಯ್ಯೋ ನಾಚಿ!" ಮಾರಿಮುತ್ತು ತಲೆ ಮೇಲೆ ಕೈಯಿಟ್ಟುಕೊಂಡ. "ತಲೆಯಲ್ಲಿ ಹೊಡೆದೆ! ಜನ್ಮದಲ್ಲಿ ಒಂದೇ ಒಂದು ಹೆಡ್ಡರ್ ಗೋಲ್... ಅದನ್ನೂ ನೋಡ್ಲಿಲ್ವಾ ನೀನು?"

"ಅವಳೆಲ್ಲಿ ನೋಡಿದ್ಲು!" ಹೆಂಗಸರ ಗುಂಪಿನಿಂದ ಅಂಗಮ್ಮ ಎದ್ದು ಬಂದಳು. ಮಾರಿಮುತ್ತುವಿನ ತಾಯಿ, ನಾಚಿಯಮ್ಮನ ಸೋದರತ್ತೆ. "ನನ್ನ ಮಗ ಗೋಲ್ ಹೊಡೆದ ಅಂತ ನಾನು ಗಾಡಿ ಮೇಲೆ ಕುಣೀತಿದ್ರೆ, ಇವಳು ಬೆಂಚ್ ಕಡೆ ನೋಡ್ಕೊಂಡು ಕಣ್ಣೊರೆಸ್ಕೋತಾ ಇದ್ಲು. ಅಣ್ಣಾ, ಸೊಸೆ ಮಾಡ್ಕೊಳ್ಳೋ ಆಸೆ ನನಗೂ ಇತ್ತು. ಆದ್ರೆ ನನ್ನ ಮಗನ ಗೋಲನ್ನೇ ನೋಡದೋಳು ನನ್ನ ಮಗನ್ನ ಏನ್ ನೋಡ್ತಾಳೆ? ಕಣ್ಣಿದ್ದ ಕಡೆಗೇ ಕೊಟ್ಬಿಡು."

ಮಾರಿಮುತ್ತು ಎದ್ದು ಹೋಗಿ ವೆಲ್ಲಿಂಗಿರಿಯ ಕೈಯಿಂದ ಚೀಲ ಕಿತ್ತುಕೊಂಡ. "ಹೋಗೋದಿದ್ರೆ ಈಗ ಹೋಗು ನೋಡೋಣ!"

ದಂಡಪಾಣಿ ಜಗಲಿಯಿಂದ ಇಳಿದು ಬಂದರು. "ಬೂಟು ಬಿಚ್ಚು."

ಬೂಟು ಬಿಚ್ಚಿದಾಗ ಹೆಂಗಸರೆಲ್ಲ ಅಯ್ಯೋ ಅಂದರು. ಪಾದ ಊದಿ ನೀಲಿಗಟ್ಟಿತ್ತು. ಅಯ್ಯಾಸಾಮಿ ಮೆಲ್ಲಗೆ ಹಿಂದಕ್ಕೆ ಸರಿದ.

"ಯಾಕಪ್ಪಾ ಮುಚ್ಚಿಟ್ಟೆ?"

ವೆಲ್ಲಿಂಗಿರಿ ತನ್ನ ಊದಿದ ಪಾದವನ್ನೇ ನೋಡಿದ. "ಗೋಲ್ ಹೊಡೆದು... ಆಮೇಲೆ ನಿಮ್ಮ ಮಗಳನ್ನ ಕೇಳ್ಬೇಕು ಅಂತ... ನೀವು ಬೇಕೂಂತ ಎತ್ತಿದ್ರಿ ಅಂದ್ಕೊಂಡೆ. ಮನ್ನಿಸಿ ಮಾಮಾ."

"ನನ್ನ ಮಗಳನ್ನ ಕೇಳೋಕೆ ಗೋಲ್ ಯಾಕೋ ಬೇಕು?" ಎಂದರು ದಂಡಪಾಣಿ. "ಬಾಯಿಲ್ವಾ ನಿನಗೆ?"

ಬೀದಿಯ ಕಣ್ಣೆಲ್ಲ ಅವನ ಮೇಲೆ. ಮೈದಾನದಲ್ಲಿ ಯಾರಿಗೂ ಹೆದರದವನು ಬೆವರು ಒರೆಸಿಕೊಂಡ.

"ನಾಚಿಯಮ್ಮನ್ನ... ನನಗೆ ಕೊಡ್ತೀರಾ ಮಾಮಾ?"

"ಕಾಲು ವಾಸಿ ಆಗ್ಲಿ. ಹಸೆಮಣೆಗೆ ಕುಂಟ್ಕೊಂಡು ಬರೋ ಅಳಿಯ ನನಗೆ ಬೇಡ," ಎಂದವರು ಮುಖ ಆ ಕಡೆ ತಿರುಗಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

ಜನ ಕಪ್ ಎತ್ತಿಕೊಂಡು ಮೆರವಣಿಗೆ ಹೊರಟರು. ಜಗಲಿಯ ಮೇಲೆ ಉಳಿದವರು ಇಬ್ಬರೇ. ನಾಚಿಯಮ್ಮ ಬಿಸಿ ಉಪ್ಪಿನ ಗಂಟನ್ನು ಅವನ ಕಾಲಿಗೆ ಒತ್ತುತ್ತಿದ್ದಳು.

"ನಿಜವಾಗ್ಲೂ ಸೆಕೆಂಡ್ ಆಫ್ ಪೂರ್ತಿ ನನ್ನನ್ನೇ ನೋಡ್ತಿದ್ದೆಯಾ?"

"ಮತ್ತೆ ಅಲ್ಲಿ ನೋಡೋಕೆ ಇನ್ನೇನಿತ್ತು?"

"ಫೈನಲ್ ಮ್ಯಾಚ್ ನಡೀತಿತ್ತು ನಾಚಿ!"

"ನಡೀತಿತ್ತಾ?" ಅವಳು ತಲೆ ಎತ್ತದೆ ನಕ್ಕಳು. "ನನಗೆ ಕಾಣಿಸ್ಲಿಲ್ಲ..."